ಹಲ್ಲಿಗೆ ಕ್ಲಿಪ್ ಹಾಕುವವರು ಬೇಕಾದಷ್ಟು ಇದ್ದಾರೆ, ನೋಡಿಕೊಳ್ಳುವವರು ಯಾರು?

ಕೆನಡಾದ ಟೊರೊಂಟೊ ಪಕ್ಕದ ಮಿಸಿಸಾಗಾದಲ್ಲಿ ಹಲ್ಲಿನ ಕ್ಲಿನಿಕ್‌ಗೆ ಹೋದರೆ ಡಾಕ್ಟರ ಮುಖ ಕಾಣುವುದು ಕೊನೆಯ ಐದು ನಿಮಿಷ. ಅಲ್ಲಿಯವರೆಗೆ ನಮ್ಮ ಬಾಯಿ ಹೈಜೀನಿಸ್ಟ್, ಅಂದರೆ ಹಲ್ಲು ನೋಡಿ ಶುಚಿ ಮಾಡುವುದಕ್ಕೇ ಕಲಿತವರ ಕೈಯಲ್ಲಿ. ಎಕ್ಸ್‌ರೇ ತೆಗೆಯುವುದು ಅವರೇ. ಹಲ್ಲಿಗೂ ಒಸಡಿಗೂ ನಡುವಿನ ಸಂದಿಯ ಆಳ ಅಳೆಯುವುದು, ಪಾಚಿ ಕೆರೆಯುವುದು, ಮೇಲಿನ ಹಲ್ಲು ಕೆಳಗಿನ ಹಲ್ಲು ಹೇಗೆ ಕೂಡುತ್ತವೆ ಅಂತ ನೋಡಿ ಬರೆದಿಡುವುದು ಎಲ್ಲ ಅವರೇ. ಡಾಕ್ಟರು ಬಂದು ಅದನ್ನು ಓದಿ, ಬಾಯೊಳಗೆ ಒಮ್ಮೆ ಕಣ್ಣಾಡಿಸಿ, ಏನು ಮಾಡಬೇಕು ಅಂತ ತೀರ್ಮಾನ ಹೇಳಿ ಹೋಗುತ್ತಾರೆ. ಊರಿಂದ ಬಂದ ಹೊಸತರಲ್ಲಿ ನಮ್ಮವರಿಗೆ ಇದು ಒಂಥರಾ ಮೋಸ ಅನಿಸುತ್ತದೆ. "ದುಡ್ಡು ತಗೊಂಡಿದ್ದು ಡಾಕ್ಟ್ರು, ನೋಡಿದ್ದು ನರ್ಸು" ಅಂತ ಇಲ್ಲಿನ ಕನ್ನಡದ ಮನೆಗಳಲ್ಲಿ ಗೊಣಗುವುದನ್ನು ಕೇಳಿದ್ದೇನೆ.

ಅವರು ನರ್ಸ್ ಅಲ್ಲ. ನಾವಿರುವ ಒಂಟಾರಿಯೊ ಪ್ರಾಂತ್ಯದಲ್ಲಿ 1991ರ ಡೆಂಟಲ್ ಹೈಜೀನ್ ಕಾಯ್ದೆ ಅಂತ ಒಂದಿದೆ. ಹೈಜೀನಿಸ್ಟ್ ಕೆಲಸ ಏನು ಅಂತ ಹೇಳುವಾಗ ಅದು ಮೊದಲು ಎತ್ತುವುದೇ ಹಲ್ಲನ್ನೂ ಅದರ ಸುತ್ತಮುತ್ತಲನ್ನೂ ಪರೀಕ್ಷೆ ಮಾಡುವ ಮಾತನ್ನು. ಚಿಕಿತ್ಸೆ ಆಮೇಲೆ. ಕ್ಲಿಪ್‌ಗೆ ಸಂಬಂಧಪಟ್ಟ ಕೆಲಸವೂ ಆ ಕಾಯ್ದೆಯಲ್ಲಿದೆ, ಆದರೆ ದಂತವೈದ್ಯರ ಆದೇಶ ಇದ್ದರೆ ಮಾತ್ರ. ಪಾಚಿ ತೆಗೆಯುವ ಕೆಲಸವನ್ನು ಅರ್ಹತೆ ಇರುವವರು 2007ರಿಂದ ಆದೇಶವಿಲ್ಲದೆಯೇ ಮಾಡಬಹುದು. ಹಾಗಾಗಿ ಸ್ವಂತ ಕ್ಲಿನಿಕ್ ನಡೆಸುವ ಹೈಜೀನಿಸ್ಟ್‌ಗಳೂ ಇಲ್ಲಿದ್ದಾರೆ.

ನಮ್ಮ ದೇಶದ ಕಾನೂನಿನಲ್ಲೂ ಹೈಜೀನಿಸ್ಟ್ ಇಲ್ಲದೆ ಇಲ್ಲ. 1948ರ ದಂತವೈದ್ಯರ ಕಾಯ್ದೆಯ ಪ್ರಕಾರ ಹಲ್ಲಿನ ಪಾಚಿ ತೆಗೆಯುವ, ಶುಚಿ ಮಾಡುವ, ಪಾಲಿಶ್ ಮಾಡುವ, ಇಲ್ಲವೇ ಬಾಯಿ ಶುಚಿ ಇಟ್ಟುಕೊಳ್ಳುವುದನ್ನು ಹೇಳಿಕೊಡುವ ವ್ಯಕ್ತಿ ಅವರು. ಪರೀಕ್ಷೆ ಮಾಡುವ ಮಾತೇ ಅದರಲ್ಲಿಲ್ಲ. ಹೈಜೀನಿಸ್ಟ್ ಆಗುವುದಕ್ಕೆ ಎರಡು ವರ್ಷದ ಡಿಪ್ಲೊಮಾ ಕೂಡ ಇದೆ. ಹಳೆ ಕಾಯ್ದೆಯ ಜಾಗಕ್ಕೆ ಅಂತ 2023ರಲ್ಲಿ ಹೊಸ ಕಾಯ್ದೆಗೂ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಇಷ್ಟೆಲ್ಲ ಇದ್ದರೂ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮಾಮೂಲಿ ಕ್ಲಿನಿಕ್‌ಗೆ ಹೋದಾಗ ನಿಮಗೆ ಹೈಜೀನಿಸ್ಟ್ ಸಿಕ್ಕಿದ್ದಾರಾ? ನನಗಂತೂ ಇಲ್ಲ. ಬಿಡಿಎಸ್ ಮುಗಿಸಿದವರೇ ಗಲ್ಲಿಗೆ ನಾಲ್ಕು ಜನ ಇರುವಾಗ ಕ್ಲೀನಿಂಗ್‌ಗೆ ಅಂತ ಬೇರೆಯವರನ್ನು ಯಾಕೆ ಇಟ್ಟುಕೊಳ್ಳಬೇಕು ಅನ್ನುವುದು ಅವರ ಲೆಕ್ಕ. ಆ ಲೆಕ್ಕ ತಪ್ಪಲ್ಲ. ಹೈಜೀನಿಸ್ಟ್ ಇಲ್ಲ ಅನ್ನುವುದು ನನ್ನ ತಕರಾರಲ್ಲ. ಅವರು ಮಾಡುವ ಕೆಲಸವನ್ನು ಬೇರೆ ಯಾರೂ ತಮ್ಮದು ಅಂದುಕೊಂಡಿಲ್ಲ, ತೊಂದರೆ ಇರುವುದು ಅಲ್ಲಿ.

ಮಕ್ಕಳ ವಿಷಯವನ್ನೇ ತಗೊಳ್ಳಿ. ಮಗುವಿಗೆ 7 ವರ್ಷ ಆಗುವಷ್ಟರಲ್ಲಿ ಒಮ್ಮೆ ಆರ್ಥೊಡಾಂಟಿಸ್ಟ್, ಅಂದರೆ ಹಲ್ಲು ನೇರ ಮಾಡುವ ತಜ್ಞರ ಕಣ್ಣಿಗೆ ಬೀಳಲಿ ಅಂತ ಅಮೆರಿಕನ್ ಅಸೋಸಿಯೇಷನ್ ಆಫ್ ಆರ್ಥೊಡಾಂಟಿಸ್ಟ್ಸ್ ಹೇಳುತ್ತದೆ. ಆ ವಯಸ್ಸಿಗೆ ಕ್ಲಿಪ್ ಹಾಕಿ ಅಂತ ಅಲ್ಲ. ಮೊದಲ ದೊಡ್ಡ ದವಡೆ ಹಲ್ಲು, ಮುಂದಿನ ಹಲ್ಲು ಆಗ ಬಂದಿರುತ್ತವೆ, ದವಡೆ ಯಾವ ಕಡೆ ಹೊರಟಿದೆ ಅಂತ ಅಂದಾಜು ಸಿಗುತ್ತದೆ. ಆದರೆ ಎಲ್ಲ ಮಕ್ಕಳೂ ತಜ್ಞರ ಹತ್ತಿರ ಹೋಗುವುದಿಲ್ಲ. ಯಾರು ಹೋಗಬೇಕು ಅನ್ನುವ ಮೊದಲ ಜರಡಿ ಇಲ್ಲಿ ಹೈಜೀನಿಸ್ಟ್ ಕೈಯಲ್ಲೇ ಆಗುವುದು. ನನ್ನ ಮಗಳನ್ನು ಕೂರಿಸಿಕೊಂಡು ಅವರು ಮಾಡಿದ್ದು ನೋಡಿ ನನಗೆ ಆಶ್ಚರ್ಯ ಆಗಿತ್ತು. ಯಾವ ಹಾಲುಹಲ್ಲು ಬಿದ್ದಿದೆ, ಎಡಕ್ಕೆ ಬಿದ್ದಿದ್ದು ಬಲಕ್ಕೂ ಬಿದ್ದಿದೆಯಾ ಅಂತ ಎಣಿಸಿದರು. ಮೇಲಿನ ಮುಂದಲ ಹಲ್ಲು ಕೆಳಗಿನದಕ್ಕಿಂತ ಎಷ್ಟು ಮಿಲಿಮೀಟರ್ ಮುಂದಿದೆ ಅಂತ ಕಡ್ಡಿ ಇಟ್ಟು ಅಳೆದರು. ತುಂಬಾ ಮುಂದೆ ಉಬ್ಬಿದ್ದರೆ, ಮಗು ಬಿದ್ದಾಗ ಮುರಿಯುವುದು ಅದೇ ಹಲ್ಲು. ಕಚ್ಚಿದಾಗ ಮೇಲಿನ ಹಲ್ಲು ಕೆಳಗಿನದರ ಒಳಕ್ಕೆ ಹೋಗುತ್ತದಾ, ಬೆರಳು ಚೀಪುತ್ತಾಳಾ, ನಿದ್ದೆಯಲ್ಲಿ ಬಾಯಿ ತೆರೆದಿರುತ್ತಾಳಾ, ಎಲ್ಲ ಕೇಳಿದರು. ರೋಗದ ಹೆಸರು ಮಾತ್ರ ಹೇಳಲಿಲ್ಲ. ಅದು ಡಾಕ್ಟರ ಕೆಲಸ. ಬರೆದಿಟ್ಟರು, ಅಷ್ಟೇ.

ಆ ಬರೆದಿಟ್ಟಿದ್ದರ ಬೆಲೆ ಎರಡು ಮೂರು ವರ್ಷ ಬಿಟ್ಟು ಗೊತ್ತಾಗುತ್ತದೆ. ಮೇಲಿನ ಕೋರೆಹಲ್ಲು ಹೊರಗೆ ಬರುವ ಮೊದಲು, 9–10 ವರ್ಷದ ಹೊತ್ತಿಗೆ, ಒಸಡಿನ ಮೇಲೆ ಬೆರಳಾಡಿಸಿದರೆ ಅದರ ಉಬ್ಬು ಸಿಗಬೇಕು. ಒಂದು ಕಡೆ ಸಿಕ್ಕಿ ಇನ್ನೊಂದು ಕಡೆ ಸಿಗಲಿಲ್ಲ ಅಂದರೆ ಆ ಹಲ್ಲು ಅಂಗುಳದ ಕಡೆ ತಿರುಗಿರಬಹುದು. ಆಗಲೇ ಗೊತ್ತಾದರೆ ಹಾಲಿನ ಕೋರೆಹಲ್ಲು ಕಿತ್ತು ದಾರಿ ಮಾಡಿಕೊಟ್ಟು ನೋಡಬಹುದು. 14ಕ್ಕೆ ಗೊತ್ತಾದರೆ ಒಸಡು ಬಿಡಿಸಿ, ಹಲ್ಲಿಗೆ ಸಣ್ಣ ಚೈನು ಅಂಟಿಸಿ, ತಿಂಗಳುಗಟ್ಟಲೆ ಎಳೆಯಬೇಕಾದೀತು. ನಮ್ಮಲ್ಲಿ ನೋವು ಬರುವ ತನಕ ಮಕ್ಕಳನ್ನು ಯಾರು ಕರೆದುಕೊಂಡು ಹೋಗುತ್ತಾರೆ? "ಹಾಲುಹಲ್ಲು ತಾನೆ, ಬಿದ್ದುಹೋಗುತ್ತೆ ಬಿಡಿ" ಅನ್ನುತ್ತೇವೆ. ಹುಳುಕು ಹಿಡಿದ ಹಾಲಿನ ದವಡೆ ಹಲ್ಲನ್ನು ಬೇಗ ಕಿತ್ತರೆ ಹಿಂದಿನ ದೊಡ್ಡ ಹಲ್ಲು ಮುಂದಕ್ಕೆ ಸರಿದು ಆ ಜಾಗ ತಿನ್ನುತ್ತದೆ. ಆಮೇಲೆ ಬರುವ ಹಲ್ಲಿಗೆ ಜಾಗ ಇರುವುದಿಲ್ಲ. ಹಲ್ಲಿನ ಮೇಲೆ ಹಲ್ಲು ಬಂತು ಅಂತ ಅಜ್ಜಿ ಮನೆ ಕಡೆಯ ವಂಶವನ್ನು ಬೈಯುವ ಮೊದಲು ಇದನ್ನೂ ಯೋಚಿಸಬಹುದು.

ಇಲ್ಲಿನದು ಎಲ್ಲಾ ಚೆನ್ನ ಅಂತ ನಾನು ಹೇಳುವುದಿಲ್ಲ. ಪಾಚಿ ತೆಗೆಯುವುದಕ್ಕೆ ಇಲ್ಲಿ 15 ನಿಮಿಷಕ್ಕೊಂದು ಯೂನಿಟ್ ಅಂತ ಬಿಲ್ಲು. ಯೂನಿಟ್ ಏರಿದಷ್ಟೂ ದುಡ್ಡು. ಪ್ರಾಂತ್ಯ ಸರ್ಕಾರದ ಆರೋಗ್ಯ ವಿಮೆಗೆ ಕ್ಲಿಪ್ ಖರ್ಚು ಸೇರುವುದಿಲ್ಲ. ಕೆಲಸದ ಕಡೆಯ ವಿಮೆ ಇದ್ದರೆ ಸ್ವಲ್ಪ ಭಾಗ ವಾಪಸ್ ಬರುತ್ತದೆ, ಉಳಿದ ಸಾವಿರಾರು ಡಾಲರ್ ನಮ್ಮ ತಲೆ ಮೇಲೆ. ಕೆಲವು ಕಡೆ ಹೈಜೀನಿಸ್ಟ್ ಬಾಯಲ್ಲೇ ಅಲೈನರ್ (ಕ್ಲಿಪ್ ಬದಲು ಹಾಕಿ ತೆಗೆಯುವ ಪಾರದರ್ಶಕ ಅಚ್ಚು) ಮಾರಾಟವೂ ನಡೆಯುತ್ತದೆ. ಒಮ್ಮೆ ಕ್ಲೀನಿಂಗ್‌ಗೆ ಹೋದ ನನಗೆ, "ನಿಮ್ಮ ಕೆಳಗಿನ ಹಲ್ಲು ಸ್ವಲ್ಪ ಓರೆಯಲ್ವಾ, ಯೋಚನೆ ಮಾಡಿದ್ದೀರಾ?" ಅಂತ ಕೇಳಿದರು. ಇಷ್ಟು ವರ್ಷ ಆ ಓರೆ ಹಲ್ಲಲ್ಲೇ ಕೋಡುಬಳೆ ಕಡಿದಿದ್ದೇನೆ, ನನಗೇನು ತೊಂದರೆ! ನೋಡುವವರೇ ಮಾರುವವರಾದರೆ ಅವರು ಹೇಳಿದ ಮಾತಿನ ಮೇಲೆ ಒಂದು ಅನುಮಾನ ಉಳಿದೇ ಉಳಿಯುತ್ತದೆ.

ಊರಿನಲ್ಲಿ ಕ್ಲಿಪ್ ಹಾಕಿಸಿಕೊಳ್ಳುವವರ ಅದೃಷ್ಟ ಇನ್ನೊಂದು ಥರ. ಅಲ್ಲಿ ತಂತಿ ಬಿಗಿಮಾಡುವುದು ಬಹಳ ಕಡೆ ಬಿಡಿಎಸ್ ಮೇಲೆ ಎಂಡಿಎಸ್ ಓದಿದ ಆರ್ಥೊಡಾಂಟಿಸ್ಟೇ. ಇಲ್ಲಿ ಆ ಕೆಲಸದ ಬಹುಪಾಲು ಸಹಾಯಕರದು. ಖರ್ಚನ್ನಂತೂ ಹೋಲಿಸುವ ಹಾಗೇ ಇಲ್ಲ. ಆದರೆ ನಮ್ಮ ಕಡೆಯ ಸಣ್ಣ ಕ್ಲಿನಿಕ್‌ಗಳಲ್ಲಿ ಆ ತಜ್ಞರು ಬರುವುದು ಕನ್ಸಲ್ಟಂಟ್ ಆಗಿ, ತಿಂಗಳಿಗೆ ಒಂದೋ ಎರಡೋ ಸಂಜೆ. ಕ್ಲಿಪ್ ಹಾಕಿಸಿಕೊಂಡವರೆಲ್ಲ ಅವತ್ತೇ ಸಾಲುಗಟ್ಟುತ್ತಾರೆ. ಹತ್ತು ನಿಮಿಷದಲ್ಲಿ ತಂತಿ ಬದಲು, ರಬ್ಬರ್ ಬದಲು, ಮುಂದಿನ ತಿಂಗಳು ಬನ್ನಿ. ನಡುವಿನ ಮೂರ್ನಾಲ್ಕು ವಾರ ಹಲ್ಲಿನ ಮೇಲೆ ಏನಾಗುತ್ತಿದೆ ಅಂತ ನೋಡುವವರು ಯಾರೂ ಇಲ್ಲ.

ಆ ಮೂರ್ನಾಲ್ಕು ವಾರ ಸಾಕು. ತಂತಿ ಹಿಡಿದಿಡಲು ಹಲ್ಲಿಗೆ ಅಂಟಿಸಿದ ಬ್ರಾಕೆಟ್ ಸುತ್ತ ಪಾಚಿ ಕೂತು ಅದರ ಆಮ್ಲ ಹಲ್ಲಿನ ಹೊರಪದರದ ಖನಿಜ ಎಳೆದುಕೊಂಡರೆ, ಸುಮಾರು ಒಂದು ತಿಂಗಳಲ್ಲೇ ಸುಣ್ಣ ಬಳಿದಂಥ ಬಿಳಿ ಕಲೆ ಕಾಣಿಸಬಹುದು. ಹಾಸನದಲ್ಲಿರುವ ನನ್ನ ಅಕ್ಕನ ಮಗನಿಗೆ ಹೀಗೇ ಆಯಿತು. ಕ್ಲಿಪ್ ತೆಗೆದ ದಿನ ಹಲ್ಲು ನೇರ ಇತ್ತು, ಆದರೆ ಒಂದೊಂದು ಹಲ್ಲಿನ ಮೇಲೂ ಬ್ರಾಕೆಟ್ ಇದ್ದ ಜಾಗದ ಸುತ್ತ ಬಿಳಿ ಚೌಕಟ್ಟು. ಕ್ಲಿನಿಕ್‌ನವರು "ನೀರಿನ ಫ್ಲೋರೈಡ್ ಇರಬೇಕು" ಅಂದರು. ಪಾವಗಡ, ಬಾಗೇಪಲ್ಲಿ ಕಡೆ ಬೋರ್‌ವೆಲ್ ನೀರು ಕುಡಿದು ಬೆಳೆದವರಲ್ಲಿ ಫ್ಲೋರೈಡ್ ಕಲೆ ಇರುವುದು ನಿಜ. ಆದರೆ ಅದು ಹಲ್ಲು ಹುಟ್ಟುವ ಮೊದಲೇ ಬಂದಿರುತ್ತದೆ, ಎಡ ಬಲ ಎರಡೂ ಕಡೆ ಒಂದೇ ಥರ ಹರಡಿರುತ್ತದೆ. ಅಚ್ಚುಕಟ್ಟಾಗಿ ಬ್ರಾಕೆಟ್ ಸುತ್ತ ಮಾತ್ರ ಚೌಕ ಬರೆಯುವುದಿಲ್ಲ. ಕ್ಲಿಪ್ ಹಾಕುವ ಮೊದಲಿನ ಒಂದು ಫೋಟೋ, ಒಂದು ಚೀಟಿ ಇದ್ದಿದ್ದರೆ ಈ ವಾದವೇ ಇರುತ್ತಿರಲಿಲ್ಲ. ಇಲ್ಲಿ ಹೈಜೀನಿಸ್ಟ್ ಮೊದಲು ಮಾಡುವುದೇ ಅದು. ಆಮೇಲೆ ಭೇಟಿ ಭೇಟಿಗೂ ಬಣ್ಣದ ದ್ರವ ಹಚ್ಚಿ ಪಾಚಿ ಎಲ್ಲಿದೆ ಅಂತ ಕನ್ನಡಿಯಲ್ಲಿ ತೋರಿಸುತ್ತಾರೆ, ತಂತಿಯ ಕೆಳಗೆ ಸಣ್ಣ ಬ್ರಷ್ ತೂರಿಸುವುದನ್ನು ಮಗುವಿನ ಕೈಯಲ್ಲೇ ಮಾಡಿಸುತ್ತಾರೆ, ಬೇಕಾದರೆ ಫ್ಲೋರೈಡ್ ವಾರ್ನಿಷ್ ಹಚ್ಚುತ್ತಾರೆ. ಒಸಡು ಊದಿ ಬ್ರಾಕೆಟ್ ಮೇಲೆ ಏರುತ್ತಿದ್ದರೆ ಆರ್ಥೊಡಾಂಟಿಸ್ಟ್‌ಗೆ ಸುದ್ದಿ ಹೋಗುತ್ತದೆ. ಬಾಯಿ ಶುಚಿ ಆಗುವ ತನಕ ತಂತಿ ಬಿಗಿಮಾಡುವುದನ್ನು ನಿಲ್ಲಿಸಿದ್ದೂ ಉಂಟು.

ಊಟದ ವಿಷಯದಲ್ಲಿ ಮಾತ್ರ ಇಲ್ಲಿನವರ ಪಟ್ಟಿ ನಮಗೆ ಹೊಂದುವುದಿಲ್ಲ. ಪಾಪ್‌ಕಾರ್ನ್ ಬೇಡ, ಕ್ಯಾರಮೆಲ್ ಬೇಡ, ಐಸ್ ಕಡಿಯಬೇಡಿ ಅಂತ ಬರೆದಿರುತ್ತದೆ. ನಿಪ್ಪಟ್ಟು, ಚಕ್ಕುಲಿ, ಕಬ್ಬು ಅವರಿಗೇನು ಗೊತ್ತು? ಸಂಕ್ರಾಂತಿಗೆ ಎಳ್ಳುಬೆಲ್ಲ ತಿಂದ ನನ್ನ ಮಗಳ ಎರಡು ಬ್ರಾಕೆಟ್ ಕೊಬ್ಬರಿ ಚೂರಿನ ಜೊತೆ ಎದ್ದು ಬಂದವು. ಅರಿಶಿನಕ್ಕೆ ಬಿಳಿ ರಬ್ಬರ್ ಹಳದಿ ಆಗುತ್ತದೆ ಅಂತಲೂ ಯಾರೂ ಹೇಳಿರಲಿಲ್ಲ. ಒಂದು ಚಿತ್ರಾನ್ನಕ್ಕೆ ಗೊತ್ತಾಯಿತು. ನಮ್ಮವರದು ಒಂದು ಒಳ್ಳೆ ಅಭ್ಯಾಸ ಇದೆ, ಉಂಡ ಕೂಡಲೇ ಬಾಯಿ ಮುಕ್ಕಳಿಸುವುದು. ಕ್ಲಿಪ್ ಇರುವವರಿಗೆ ಅದು ನಿಜಕ್ಕೂ ಉಪಯೋಗ. ಇಲ್ಲಿ ಶಾಲೆಯ ಸಿಂಕಿನ ಮುಂದೆ ಮುಕ್ಕಳಿಸಿದರೆ ಗೆಳತಿಯರು ನಗುತ್ತಾರೆ ಅಂತ ಮಗಳು ಅದನ್ನೇ ಬಿಟ್ಟಳು.

ದೊಡ್ಡವರ ಕಥೆ ಬೇರೆ. 35–40 ದಾಟಿದ ಮೇಲೆ ಅಲೈನರ್ ಹಾಕಿಸಿಕೊಳ್ಳುವ ಸಾಫ್ಟ್‌ವೇರ್ ಮಂದಿ ಎರಡೂ ದೇಶದಲ್ಲಿ ಜಾಸ್ತಿ ಆಗಿದ್ದಾರೆ. ಒಸಡಿನ ರೋಗ ಇರುವಾಗಲೇ ಹಲ್ಲು ಜರುಗಿಸಿದರೆ ಅದನ್ನು ಹಿಡಿದಿರುವ ಮೂಳೆ ಇನ್ನಷ್ಟು ಕರಗುತ್ತದೆ. ಹಾಗಾಗಿ ಮೊದಲು ಒಸಡಿನ ಸಂದಿಯ ಆಳ ಅಳೆಯಬೇಕು. 3 ಮಿಲಿಮೀಟರ್ ತನಕ ಚಿಂತೆ ಇಲ್ಲ, 5–6 ಬಂದರೆ ಮೊದಲು ಅದಕ್ಕೆ ಚಿಕಿತ್ಸೆ. ಪೋಸ್ಟಿನಲ್ಲಿ ಅಲೈನರ್ ಕಳಿಸುತ್ತಿದ್ದ ಸ್ಮೈಲ್ ಡೈರೆಕ್ಟ್ ಕ್ಲಬ್ 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಮನೆಯಲ್ಲೇ ಅಚ್ಚು ತೆಗೆದು ಕಳಿಸುವ ಆ ವ್ಯವಸ್ಥೆಯಲ್ಲಿ ಒಸಡಿಗೆ ಕಡ್ಡಿ ಇಟ್ಟು ಅಳೆಯುವವರು ಎಲ್ಲಿಂದ ಬರಬೇಕು?

ಊರಿನಲ್ಲಿ ಇದೆಲ್ಲ ಆಗದ ಕೆಲಸವೇನಲ್ಲ. ಡೆಂಟಲ್ ಕಾಲೇಜಿಗೆ ಹೋದರೆ ಕ್ಲಿಪ್ ಹಾಕುವ ಮೊದಲು ಚೀಟಿ ಬರೆದು ಒಸಡಿನ ವಿಭಾಗಕ್ಕೆ ಕಳಿಸಿ ಕ್ಲೀನ್ ಮಾಡಿಸುತ್ತಾರೆ. ಅಲ್ಲಿ ಕಾಯುವುದು ಜಾಸ್ತಿ, ಆದರೆ ಈ ಒಂದು ವಿಷಯದಲ್ಲಿ ಕಾಲೇಜೇ ಮೇಲು. ಖಾಸಗಿ ಕ್ಲಿನಿಕ್‌ನಲ್ಲೂ ಒಬ್ಬ ಜೂನಿಯರ್ ಬಿಡಿಎಸ್ ಡಾಕ್ಟರಿಗೆ, ಸಿಕ್ಕರೆ ಹೈಜೀನಿಸ್ಟ್‌ಗೆ, ಇದನ್ನೇ ಕೆಲಸ ಅಂತ ಒಪ್ಪಿಸಲಿ. ಆರ್ಥೊಡಾಂಟಿಸ್ಟ್ ಬರುವ ಸಂಜೆಗೆ ಮೊದಲು ಅರ್ಧ ಗಂಟೆ ನೋಡಿ, ಕ್ಲೀನ್ ಮಾಡಿ, ಎರಡು ಸಾಲು ಬರೆದಿಡಲಿ. ಕ್ಲಿಪ್ ತೆಗೆದ ಮೇಲೂ ಹಲ್ಲಿನ ಹಿಂದೆ ಅಂಟಿಸಿದ ತಂತಿ ಬಿಟ್ಟುಕೊಂಡಿದೆಯಾ ಅಂತ ನೋಡುವುದು ಅವರದೇ ಕೆಲಸ ಆಗಲಿ. ಆ ತಂತಿ ಬಿಟ್ಟಿದ್ದು ನಮಗೆ ಗೊತ್ತಾಗುವಷ್ಟರಲ್ಲಿ ಹಲ್ಲು ಹಳೆ ಜಾಗಕ್ಕೆ ಹೊರಟಿರುತ್ತದೆ. ಇದಕ್ಕೆ ದುಡ್ಡು ತಗೊಳ್ಳಲಿ, ಪ್ಯಾಕೇಜ್‌ನಲ್ಲೇ ಸೇರಿಸಲಿ. ಕೊಡದೆ ಇರುವಷ್ಟು ನಮ್ಮವರು ಜಿಪುಣರೇನಲ್ಲ.

ಅಕ್ಕನ ಚಿಕ್ಕ ಮಗಳಿಗೆ ಈಗ ಕ್ಲಿಪ್ ಹಾಕಿಸಬೇಕಂತೆ. ಈ ಸಲ ಬೇರೆ ಕ್ಲಿನಿಕ್. "ಮಧ್ಯದಲ್ಲಿ ಯಾರು ನೋಡ್ತಾರೆ ಅಂತ ಮೊದಲೇ ಕೇಳಕ್ಕಾ" ಅಂತ ಫೋನಿನಲ್ಲಿ ಹೇಳಿದ್ದೆ. ಕೇಳಿದಳು. ಅಲ್ಲಿನ ಡಾಕ್ಟರು ಸ್ವಲ್ಪ ಹೊತ್ತು ಯೋಚಿಸಿ, ತಮ್ಮ ಜೂನಿಯರ್ ಪ್ರತಿ ತಿಂಗಳು ನೋಡಿ ಕ್ಲೀನ್ ಮಾಡುತ್ತಾರೆ, ಸಲಕ್ಕೆ 500 ರೂಪಾಯಿ ಜಾಸ್ತಿ ಆಗುತ್ತದೆ ಅಂದರಂತೆ. ಅಕ್ಕ ಅದನ್ನು 300ಕ್ಕೆ ಇಳಿಸಿಕೊಂಡು ಬಂದಿದ್ದಾಳೆ.