ಸತ್ಯಾಂಶ: ಈರುಳ್ಳಿ ರಸ ತಿಕ್ಕಿದರೆ ಬೋಳು ತಲೆಯಲ್ಲಿ ಕೂದಲು ಬರುತ್ತದೆಯೇ?

‘ಈರುಳ್ಳಿ ರಸ ತಿಕ್ಕಿ, ಬೋಳು ತಲೆಯಲ್ಲೂ ಕೂದಲು ಬರುತ್ತದೆ, ವಿಜ್ಞಾನಿಗಳೇ ಹೇಳಿದ್ದಾರೆ’ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತದೆ. ಅದರಲ್ಲಿ ಚೂರು ನಿಜವಿದೆ. ಜನ ನಂಬುವುದು ಅದಕ್ಕೇ.

ಈರುಳ್ಳಿ ರಸದ ಮೇಲೆ ಅಧ್ಯಯನ ನಡೆದದ್ದು ಹೌದು. 2002ರಲ್ಲಿ ಪ್ರಕಟವಾಯಿತು. ರಸ ಹಚ್ಚಿಕೊಂಡವರು ಬರೀ 23 ಜನ. ಅವರಿಗಿದ್ದದ್ದು ಅಲೋಪೇಶಿಯಾ ಏರಿಯೇಟಾ, ಅಂದರೆ ನಾಣ್ಯದಷ್ಟಗಲ ಅಲ್ಲಲ್ಲಿ ಕೂದಲು ಉದುರುವ ತೊಂದರೆ. ಅದು ಎಷ್ಟೋ ಸಲ ತಾನಾಗಿಯೇ ವಾಸಿಯಾಗುತ್ತದೆ. ಗಂಡಸರಲ್ಲಿ ಹಣೆಯಿಂದ ಹಿಂದೆ ಸರಿಯುತ್ತಾ, ನಡುನೆತ್ತಿಯಲ್ಲಿ ತೆಳುವಾಗುತ್ತಾ ಬರುವ ಬೋಳು ಬೇರೆಯೇ. ಅಲ್ಲಿ ಡಿಎಚ್‌ಟಿ ಎಂಬ ಹಾರ್ಮೋನ್ ಕೂದಲಿನ ಬುಡವನ್ನು ವರ್ಷಗಟ್ಟಲೆ ಕುಗ್ಗಿಸುತ್ತಾ ಹೋಗುತ್ತದೆ. ಈರುಳ್ಳಿ ಅದನ್ನು ತಡೆಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಕೆಲವರಿಗೆ ನೆತ್ತಿ ಉರಿದು ಕೆಂಪಾಗುವುದೂ ಉಂಟು.

ಹಚ್ಚುವ ಔಷಧಿಗಳಲ್ಲಿ ಚೆನ್ನಾಗಿ ಪರೀಕ್ಷೆಯಾಗಿರುವುದು ಮಿನಾಕ್ಸಿಡಿಲ್. ಮೊದಲು ಇದು ರಕ್ತದೊತ್ತಡದ ಮಾತ್ರೆ. ನುಂಗಿದವರಿಗೆ ಮೈಮೇಲೆಲ್ಲ ಕೂದಲು ಜಾಸ್ತಿಯಾಯಿತು, ಆಗ ತಲೆಗೆ ಹಚ್ಚುವ ರೂಪ ಬಂತು. ಅಮೆರಿಕ 1988ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಶುರುವಿನ ಕೆಲವು ವಾರ ಕೂದಲು ಇನ್ನೂ ಉದುರಬಹುದು. ಎಷ್ಟೋ ಜನ ಇಲ್ಲೇ ಹೆದರಿ ಬಿಟ್ಟುಬಿಡುತ್ತಾರೆ, ಬೇಸರವಾಗುತ್ತದೆ ಅಲ್ವಾ? ಹಳೆ ಕೂದಲು ಹೊಸದಕ್ಕೆ ಜಾಗ ಬಿಡುತ್ತಿರುತ್ತದೆ, ಅಷ್ಟೇ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ನಿಲ್ಲಿಸಿದರೆ ಬಂದ ಕೂದಲು ಮತ್ತೆ ಹೋಗುತ್ತದೆ. ಪೂರ್ತಿ ನುಣ್ಣಗಾದ ಜಾಗದಲ್ಲಿ ಇದೂ ಹೆಚ್ಚು ಕೆಲಸ ಮಾಡದು. ಹಾಗಾಗಿ ತೆಳುವಾಗತೊಡಗಿದಾಗಲೇ ಚರ್ಮದ ಡಾಕ್ಟರಿಗೆ ತೋರಿಸಿ. ಹೃದಯದ ತೊಂದರೆ ಇರುವವರು, ಬಸುರಿಯರು, ಹಾಲುಣಿಸುವ ತಾಯಂದಿರು ಕೇಳದೆ ಹಚ್ಚಲೇಬೇಡಿ.