ಇಲಿ ಉಂಡ ಹೊಸ್ತು

ಪಕ್ಕದ ಮನೆಯ ಅಜ್ಜಿ "ನಾಳೆ ಬಾ, ಕಾರ್ನ್ ಡಾಲಿ ಮಾಡೋಣ" ಎಂದರು. ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ನಾನು ಸೂಪರ್‌ಮಾರ್ಕೆಟ್ಟಿನಿಂದ ನಾಲ್ಕು ಮೆಕ್ಕೆಜೋಳದ ತೆನೆ ತಗೊಂಡು ಹೋದೆ. ಅಜ್ಜಿ ಒಮ್ಮೆ ತೆನೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಕುರ್ಚಿ ಹಿಡಿದುಕೊಂಡು ನಗತೊಡಗಿದರು. ಇಂಗ್ಲೆಂಡಿನ ಹಳೇ ಮಾತಿನಲ್ಲಿ ಕಾರ್ನ್ ಎಂದರೆ ಕಾಳು, ಧಾನ್ಯ, ಇಲ್ಲಿ ಗೋಧಿ. ಗೋಧಿಯ ದಂಟನ್ನು ನೀರಲ್ಲಿ ನೆನೆಸಿ ಹೆಣೆಯುವ ಗೊಂಬೆಯದು. ಹಿಂದೆ ಕೊನೆಯ ಸಿವುಡಿನಿಂದ ಹೆಣೆದು, ಚಳಿಗಾಲವಿಡೀ ಮನೆಯಲ್ಲಿಟ್ಟು, ವಸಂತದಲ್ಲಿ ಉಳುವಾಗ ಗದ್ದೆಗೆ ಸೇರಿಸುತ್ತಿದ್ದರಂತೆ. ತೆಂಗಿನ ಮಡಲು ಹೆಣೆದ ಕುಂದಾಪುರದ ಕೈ ನನ್ನದು, ಅಷ್ಟರಮಟ್ಟಿಗೆ ಮರ್ಯಾದೆ ಉಳಿಯಿತು. ಮೆಕ್ಕೆಜೋಳ ಸುಟ್ಟು, ಉಪ್ಪು ಖಾರ ಹಚ್ಚಿ ತಿಂದೆವು.

ಅಜ್ಜಿ ಪೇಗನ್, ಅಂದರೆ ಚರ್ಚಿಗಿಂತ ಹಿಂದಿನ ದೇವರುಗಳನ್ನು ನಂಬುವವರು. ವರ್ಷಕ್ಕೆ ಎಂಟು ಹಬ್ಬ ಮಾಡುತ್ತಾರೆ. ಆಗಸ್ಟ್ 1ರದ್ದು ಮೊದಲ ಸುಗ್ಗಿ. ಅದಕ್ಕೆ 'ಲ್ಯಾಮಸ್' ಎನ್ನುತ್ತಾರೆ, ಹಳೇ ಇಂಗ್ಲಿಷಿನಲ್ಲಿ ರೊಟ್ಟಿಯ ಪೂಜೆ ಎಂದರ್ಥ. ಆ ಹೆಸರು ಚರ್ಚಿನವರದ್ದು, ನಮ್ಮದು ಐರ್ಲೆಂಡಿನ ಲೂ ದೇವರ ಹಬ್ಬ ಎಂದರು ಅಜ್ಜಿ. ಐರಿಷ್ ಭಾಷೆಯಲ್ಲಿ ಆಗಸ್ಟ್ ತಿಂಗಳಿಗೆ ಇಂದಿಗೂ 'ಲೂನಸಾ' ಎಂದೇ ಹೆಸರು. ಕಾಡು ಕಡಿದು ಬೇಸಾಯದ ಬಯಲು ಮಾಡಿ, ದಣಿದು ಸತ್ತ ಸಾಕುತಾಯಿಯ ನೆನಪಿಗೆ ಲೂ ಶುರು ಮಾಡಿದ ಹಬ್ಬವಂತೆ. ದಣಿದವಳು ತಾಯಿ, ಹಬ್ಬದ ಹೆಸರು ಮಗನದು! ಈ ವಿಷಯದಲ್ಲಿ ನನಗೆ ಪರದೇಶ ಅನ್ನಿಸಲೇ ಇಲ್ಲ.

ಹಬ್ಬದ ಮುಖ್ಯ ನೈವೇದ್ಯ ಗೋಧಿಯ ಸಿವುಡಿನ ಆಕಾರದ ಬ್ರೆಡ್ಡು. ಒಂದೊಂದು ತೆನೆಗೂ ಕತ್ತರಿಯಲ್ಲಿ ಸಣ್ಣ ಸಣ್ಣ ಕಚ್ಚು ಹಾಕಬೇಕು. ದಂಟಿನ ಮೇಲೆ ಹಿಟ್ಟಿನದೇ ಒಂದು ಪುಟ್ಟ ಇಲಿಯನ್ನೂ ಕೂರಿಸುವುದು ಪದ್ಧತಿ. ಅಜ್ಜಿ ಚೀಟಿಯಲ್ಲಿ ಬರೆದುಕೊಟ್ಟದ್ದು ಚಿಟಿಕೆ ಯೀಸ್ಟ್. ಇಡ್ಲಿ ಹಿಟ್ಟು ಹುಳಿ ಬಾರದ ಊರಲ್ಲಿ ಚಿಟಿಕೆಯಿಂದ ಏನಾಗುತ್ತದೆ ಎಂದು ನಾನು ಏಳು ಗ್ರಾಮಿನ ಇಡೀ ಪ್ಯಾಕೆಟ್ ಸುರಿದೆ. ಉಬ್ಬಿದರೆ ಆಕಾರ ಕೆಡುತ್ತದೆಂದೇ ಯೀಸ್ಟ್ ಕಡಿಮೆ ಹಾಕುವುದು ಅಂತ ಆಮೇಲೆ ಗೊತ್ತಾಯಿತು. ಓವನ್ನಿನ ಗಾಜಿನಲ್ಲಿ ಇಣುಕಿದರೆ ತೆನೆಗಳೆಲ್ಲ ಒಂದಾಗಿ ಹಲಸಿನಕಾಯಿ ಆಗಿದೆ. ಇಲಿ ಬೆಳೆದು ಹೆಗ್ಗಣವಾಗಿದೆ. ಇವರು ಬಂದು ನೋಡಿ, "ಆಮೆ ಚೆನ್ನಾಗಿ ಬಂದಿದೆ" ಅಂದರು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅಜ್ಜಿ ಇನ್ನೊಂದು ಹೇಳಿದ್ದರು. ಹಳೇ ಇಂಗ್ಲಿಷಿನ ಒಂದು ಮಂತ್ರದ ಪ್ರಕಾರ ಲ್ಯಾಮಸ್ ರೊಟ್ಟಿಯ ನಾಲ್ಕು ತುಂಡನ್ನು ಕಣಜದ ನಾಲ್ಕು ಮೂಲೆಯಲ್ಲಿ ಪುಡಿ ಮಾಡಿ ಹಾಕಿದರೆ ಧಾನ್ಯಕ್ಕೆ ರಕ್ಷೆ. ಬ್ರಿಸ್ಟಲ್ಲಿನ ಬಾಡಿಗೆ ಫ್ಲಾಟಿನಲ್ಲಿ ನಮ್ಮ ಕಣಜವೆಂದರೆ ಸಿಂಕಿನ ಪಕ್ಕ ನಿಲ್ಲಿಸಿದ ಹತ್ತು ಕಿಲೋ ಸೋನಾ ಮಸೂರಿ ಚೀಲ. ಊರಲ್ಲಿ ಕದಿರು ತಂದು ಮಾವು, ಹಲಸಿನ ಎಲೆ ಸೇರಿಸಿ ಕಂಬಕ್ಕೆಲ್ಲ ಕಟ್ಟುತ್ತಿದ್ದದ್ದು ನೆನಪಾಗಿ, ಭಕ್ತಿ ಉಕ್ಕಿ, ಅಡುಗೆಮನೆಯ ನಾಲ್ಕೂ ಮೂಲೆಗೆ ರೊಟ್ಟಿ ಉದುರಿಸಿ ಮಲಗಿದೆ.

ರಾತ್ರಿ ಎರಡು ಗಂಟೆಗೆ ಕರಕರ ಸದ್ದು. ದೀಪ ಹಾಕಿದರೆ ಮೂಲೆಯಲ್ಲಿ ನಿಜವಾದ ಇಲಿ. ಎರಡು ಕೈಯಲ್ಲಿ ಪ್ರಸಾದ ಹಿಡಿದುಕೊಂಡು, ಓಡಬೇಕೋ ಮುಗಿಸಬೇಕೋ ಎಂದು ಯೋಚಿಸುತ್ತಿತ್ತು. ಮುಗಿಸಿಯೇ ಓಡಿತು.

ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿದೆ. ನಮ್ಮ ಮನೆಯಲ್ಲಿ ಹೊಸ್ತಿನ ದಿನ, ಅಂದರೆ ಹೊಸ ಅಕ್ಕಿ ಉಣ್ಣುವ ದಿನ, ಚಿಕ್ಕವರೆಲ್ಲ ದೊಡ್ಡವರಿಗೆ ನಮಸ್ಕಾರ ಮಾಡಿ, "ಹೊಸ್ತ್ ಉಣ್ತೆ" ಎಂದು ಹೇಳಿಯೇ ಕೈ ಹಾಕಬೇಕು. ಅಮ್ಮ ಎಲ್ಲ ಕೇಳಿ, "ಯಾರನ್ನೂ ಕೇಳ್ದೆ ಇಲಿ ಹೊಸ್ತ್ ಉಂಡ್ತಾ ಮರಾಯ್ತಿ?" ಎಂದರು. ಅವರ ಬೇಜಾರು ಅದೊಂದೇ.

ಇಲಿ ಹಿಡಿಯುವವನು ಬಂದ. ಮೂಲೆಗಳನ್ನು ನೋಡಿ, "ಇದನ್ನು ಇಲ್ಲಿ ಇಟ್ಟವರು ಯಾರು?" ಎಂದ. ನಾನು ಸಾವಿರ ವರ್ಷದ ಸಂಪ್ರದಾಯ ವಿವರಿಸಲು ಶುರು ಮಾಡಿದೆ. ಇವರು ಮೆಲ್ಲಗೆ ಹೊರಗೆ ಹೋದರು. ಬೋನಿಗೆ ಹಾಕಲು ಅವನು ಏನಾದರೂ ತಿಂಡಿ ಕೇಳಿದ. ಉಳಿದ ಆಮೆಯ ತಲೆ ಮುರಿದು ಕೊಟ್ಟೆ. ಅಷ್ಟು ಹೊತ್ತಿಗೆ ಅದು ಕಲ್ಲಾಗಿತ್ತು.

ಇವತ್ತಿಗೆ ಮೂರು ರಾತ್ರಿ. ಬೋನಿನ ರೊಟ್ಟಿಗೆ ಹಲ್ಲಿನ ಗುರುತೂ ಬಿದ್ದಿಲ್ಲ. ಸೋನಾ ಮಸೂರಿ ಚೀಲಕ್ಕೆ ಎರಡನೇ ತೂತು ಬಿದ್ದಿದೆ.