ರೆಪೋ ದರ ಮತ್ತು ನಮ್ಮ ಮನೆಯ ದೋಸೆ ಹಿಟ್ಟು

ನಮ್ಮ ಮನೆಯ ಕಾಂಪೌಂಡ್ ಗೋಡೆಗೆ ಇನ್ನೂ ಪೇಂಟ್ ಹೊಡೆಸಿಲ್ಲ. ಗೃಹಪ್ರವೇಶ ಆಗಿ ನಾಲ್ಕು ವರ್ಷವಾಯಿತು. ಸಿಮೆಂಟ್ ಗಿಲಾವು ಹಾಗೇ ಇದೆ. ಮಳೆ ನೀರು ಇಳಿದ ಕಡೆಯೆಲ್ಲ ಕಪ್ಪು ಗೆರೆ. ಬಂದ ನೆಂಟರು ಒಂದು ಸಲ ಗೋಡೆ ನೋಡುತ್ತಾರೆ, ಆಮೇಲೆ ನಮ್ಮ ಮುಖ ನೋಡುತ್ತಾರೆ. ಮೊನ್ನೆ ನನ್ನ ನಾದಿನಿ ಬಾಯಿ ಬಿಟ್ಟೇ ಕೇಳಿದಳು, "ಇಷ್ಟೆಲ್ಲ ಮಾಡಿದವರು ಇದೊಂದನ್ನ ಯಾಕೆ ಅತ್ತಿಗೆ ಹಾಗೇ ಬಿಟ್ರಿ?" ಕಾಫಿ ಕೊಟ್ಟು ಮಾತು ಬದಲಿಸಿದೆ. ಉತ್ತರ ಸ್ವಲ್ಪ ಉದ್ದ ಇದೆ. ಇಲ್ಲಿ ಬರೆಯುತ್ತೇನೆ, ಹೇಗೂ ಅವಳು ಫೇಸ್‌ಬುಕ್‌ನಲ್ಲಿ ಇಲ್ಲ.

ಮೈಸೂರಿನ ಹೊರಗೆ ನಮ್ಮ ಮಾವ ಯಾವಾಗಲೋ ತೆಗೆದಿಟ್ಟಿದ್ದ 30-40 ಸೈಟು ಇತ್ತು. ಅದರಲ್ಲಿ ಕಟ್ಟೋಕೆ 30 ಲಕ್ಷ ಸಾಲ ಮಾಡಿದೆವು. 20 ವರ್ಷಕ್ಕೆ. 2021ರಲ್ಲಿ ಬಡ್ಡಿ ಶೇಕಡಾ 6.8 ಇತ್ತು. ಇದಕ್ಕಿಂತ ಕಡಿಮೆ ಇನ್ಯಾವಾಗ ಸಿಗುತ್ತೆ ಅಂತ ಎಲ್ಲರೂ ಹೇಳಿದರು. ಅವರು ಹೇಳಿದ್ದು ನಿಜವೇ, ಆಮೇಲೆ ಸಿಗಲಿಲ್ಲ. ತಿಂಗಳ ಕಂತು 22,900.

2022ರ ಫೆಬ್ರವರಿಯಲ್ಲಿ ಹಾಲು ಉಕ್ಕಿಸಿದೆವು. ಮಾರ್ಚ್‌ನಿಂದ ಪೂರ್ತಿ ಕಂತು ಶುರುವಾಯಿತು. ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ರೆಪೋ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಶೇಕಡಾ 4ರಿಂದ 4.4ಕ್ಕೆ ಏರಿಸಿತು. ಟಿವಿಯಲ್ಲಿ ಬಂತು, ನೋಡಿದೆವು, ಸಾರು ಬಡಿಸಿಕೊಂಡು ಊಟ ಮಾಡಿದೆವು. ಅದು ನಮ್ಮ ತಟ್ಟೆಯ ವಿಷಯ ಅಂತ ಆಗ ಗೊತ್ತಿರಲಿಲ್ಲ. 2023ರ ಫೆಬ್ರವರಿ ಹೊತ್ತಿಗೆ ರೆಪೋ 6.5 ಆಗಿತ್ತು. ನಮ್ಮದು ರೆಪೋಗೆ ಕಟ್ಟಿದ ಸಾಲ. ಅದು ಎರಡೂವರೆ ಏರಿದರೆ ನಮ್ಮದೂ ಎರಡೂವರೆ ಏರುತ್ತದೆ. 6.8 ಇದ್ದದ್ದು 9.3.

ಆದರೂ ಕಂತು ಮಾತ್ರ ಅದೇ 22,900 ಕಟ್ ಆಗುತ್ತಿತ್ತು. ಪರವಾಗಿಲ್ಲ, ನಮ್ಮ ಬ್ಯಾಂಕಿನವರು ಒಳ್ಳೆಯವರು ಅಂದುಕೊಂಡಿದ್ದೆವು. ಕಂತು ಏರಿಸದೆ ಅವರು ಸಾಲ ತೀರಿಸುವ ವರ್ಷ ಏರಿಸುತ್ತಿದ್ದರು. ನನ್ನ ಕೆಲಸ ಲೆಕ್ಕ ಬರೆಯೋದು. ಊರಿನವರ ಲೆಕ್ಕವೆಲ್ಲ ನೋಡುವ ನಾನು ನಮ್ಮ ಮನೆಯದು ನೋಡಿರಲಿಲ್ಲ. ಏಪ್ರಿಲ್‌ನಲ್ಲಿ ಒಂದು ಭಾನುವಾರ ಸ್ಟೇಟ್‌ಮೆಂಟ್ ತೆಗೆಸಿ ಕೂತೆ. ಒಂದು ವರ್ಷಕ್ಕೂ ಜಾಸ್ತಿ ಕಂತು ಕಟ್ಟಿದ ಮೇಲೂ ಅಸಲು 29 ಲಕ್ಷ 59 ಸಾವಿರದ ಹತ್ತಿರ ನಿಂತಿತ್ತು. ಕರಗಿದ್ದು ಸುಮಾರು 41 ಸಾವಿರ. ಹೊಸ ದರದಲ್ಲಿ ತಿಂಗಳ ಬಡ್ಡಿ ಹಾಕಿ ನೋಡಿದೆ. 22,930.

ಕಂತು 22,900. ಬಡ್ಡಿ 22,930. ಕ್ಯಾಲ್ಕುಲೇಟರ್ ತಪ್ಪೇನೋ ಅಂತ ಮಗಳ ಮೊಬೈಲಿನಲ್ಲೂ ಹಾಕಿ ನೋಡಿದೆ. ಹೀಗೇ ಬಿಟ್ಟರೆ ಪ್ರತಿ ತಿಂಗಳು ಪೂರ್ತಿ ಕಂತು ಕಟ್ಟಿಯೂ ಸಾಲ 30 ರೂಪಾಯಿ ಬೆಳೆಯುತ್ತದೆ.

ಮರುದಿನವೇ ಬ್ಯಾಂಕಿಗೆ ಹೋದೆವು. ಮೊದಲಿನ ಗಡುವಿಗೇ ಸಾಲ ಮುಗಿಯಬೇಕಾದರೆ ಕಂತು 27,700 ಆಗಬೇಕು ಅಂದರು. ಬರೆದುಕೊಟ್ಟು ಬಂದೆವು. ಅದೇ ವರ್ಷ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಬಡ್ಡಿ ಬದಲಾದಾಗ ಕಂತು ಏರಿಸಬೇಕಾ, ವರ್ಷ ಏರಿಸಬೇಕಾ ಅಂತ ಸಾಲಗಾರನನ್ನು ಕೇಳಬೇಕು ಅಂತ. ನಾಲ್ಕು ತಿಂಗಳು ಮುಂಚೆ ಬಂದಿದ್ದರೆ ನನ್ನ ಒಂದು ಭಾನುವಾರ ಉಳಿಯುತ್ತಿತ್ತು.

ಅಂತೂ ತಿಂಗಳಿಗೆ 4,800 ಹೊಸದಾಗಿ ಹುಟ್ಟಿಸಬೇಕಿತ್ತು. ನಮ್ಮ ಮನೆಯವರು ಕಾರ್ಖಾನೆಯಲ್ಲಿ ಸೂಪರ್‌ವೈಸರ್, ನನ್ನದು ಚಿಕ್ಕ ಸಂಬಳ. ಮನೆಯಲ್ಲಿ ಅತ್ತೆ, ಮಗಳು. ಎಲ್ಲಿ ಕತ್ತರಿಸೋದು?

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಮೊದಲು ಕತ್ತರಿಸಿದ್ದು ಪಾತ್ರೆ, ನೆಲ, ಬಟ್ಟೆಗೆ ಬರುತ್ತಿದ್ದವರನ್ನು. ತಿಂಗಳಿಗೆ 2,500. ಒಂದೇ ಏಟಿಗೆ ಅರ್ಧ ಸಿಕ್ಕಿಬಿಟ್ಟಿತು! ಎಷ್ಟು ಸುಲಭ ಅನ್ನಿಸಿತು ಅಂದರೆ, ಮುಂಚೆಯೇ ಮಾಡಬಹುದಿತ್ತಲ್ಲ ಅಂದುಕೊಂಡೆ. ಎರಡನೆಯದು ಪ್ಯಾಕೆಟ್ ದೋಸೆ ಹಿಟ್ಟು. ವಾರಕ್ಕೆ ಮೂರು ಪ್ಯಾಕೆಟ್ ಬರುತ್ತಿತ್ತು. ಮನೆಯಲ್ಲೇ ರುಬ್ಬಿದರೆ ತಿಂಗಳಿಗೆ 600 ಉಳಿಯುತ್ತದೆ ಅಂತ ಲೆಕ್ಕ ಹಾಕಿದೆ. ಅಟ್ಟದ ಮೇಲಿದ್ದ ಗ್ರೈಂಡರ್ ಇಳಿಸಿದೆವು.

ಒಂದು ತಿಂಗಳು ಎಲ್ಲ ಚೆನ್ನಾಗಿ ನಡೆಯಿತು. ನಮ್ಮ ಮನೆಯವರಿಗೆ ತುಂಬಾ ಖುಷಿ. ಯಾರ ಜೊತೆಯೋ ಫೋನಿನಲ್ಲಿ "ನಾವು ಮೂರು ಸಾವಿರ ಉಳಿಸ್ತಾ ಇದೀವಿ" ಅನ್ನುತ್ತಿದ್ದರು. ಅಡುಗೆಮನೆಯಲ್ಲಿ ಗ್ರೈಂಡರ್ ಕಲ್ಲು ತೊಳೆಯುತ್ತಿದ್ದ ನನಗೆ ಆ "ನಾವು" ಕೇಳಿಸಿತು. ರಾತ್ರಿ ಹತ್ತೂಕಾಲು ಆಗಿತ್ತು. ಬೆಳಗ್ಗೆ ಐದಕ್ಕೆ ಎದ್ದು ನೆಲ ಒರೆಸಬೇಕಿತ್ತು. ಖರ್ಚು ಕಡಿಮೆಯಾಗಿದ್ದು ನಿಜ. ಆದರೆ ಕೆಲಸ ಅಷ್ಟೇ ಇತ್ತು, ದುಡ್ಡು ಕೊಟ್ಟು ಮಾಡಿಸುತ್ತಿದ್ದದ್ದು ಪುಕ್ಕಟೆ ನನ್ನ ಬೆನ್ನ ಮೇಲೆ ಬಂದಿತ್ತು. ಮಿತವ್ಯಯದ ಬಗ್ಗೆ ಬರೆಯುವವರು ಮನೆ ಅಡುಗೆ, ಮನೆ ಹಿಟ್ಟು, ಮನೆ ಕೆಲಸ ಅಂತೆಲ್ಲ ಬರೆಯುತ್ತಾರೆ. ಯಾರು ಮಾಡಬೇಕು ಅಂತ ಮಾತ್ರ ಬರೆಯೋದಿಲ್ಲ. ಬರೆಯುವ ಅಗತ್ಯವೇ ಇಲ್ಲ, ಎಲ್ಲರಿಗೂ ಗೊತ್ತು ಅಲ್ವಾ?

ಅವತ್ತು ಜಗಳ ಆಯಿತು. ಅದರ ವಿವರ ಇಲ್ಲಿ ಬೇಡ. ಅವತ್ತಿನಿಂದ ಶನಿವಾರ ಅಕ್ಕಿ ಉದ್ದು ನೆನೆಸೋದು ನಾನು, ರುಬ್ಬಿ ಕಲ್ಲು ತೊಳೆಯೋದು ಅವರು. ಮೊದಮೊದಲು ನೀರು ಜಾಸ್ತಿ ಹಾಕಿ ದೋಸೆಯೆಲ್ಲ ಹಂಚಿಗೇ ಅಂಟುತ್ತಿತ್ತು. ಈಗ ಮೆಂತ್ಯ ಎಷ್ಟು ಹಾಕಬೇಕು ಅಂತ ನನಗೇ ಹೇಳಿಕೊಡುತ್ತಾರೆ.

ಕೆಲಸದವರ ವಿಷಯ ಮಾತ್ರ ಅಷ್ಟು ಬೇಗ ಸರಿಹೋಗಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ನನಗೆ ಬಸ್ ಖರ್ಚು ತಿಂಗಳಿಗೆ ಸಾವಿರದ ಹತ್ತಿರ ಉಳಿಯಿತು. ಅದು ಬಹಳ ದೊಡ್ಡ ಆಸರೆ, ಅದನ್ನು ಬಿಟ್ಟಿ ಭಾಗ್ಯ ಅಂತ ಬೈಯುವವರ ಜೊತೆ ನಾನು ಈಗ ವಾದಕ್ಕೇ ಹೋಗಲ್ಲ. ದಸರೆಗೆ ಮುಂಚೆ ಒಂದು ದಿನ ಅದೇ ಬಸ್ಸಿನಲ್ಲಿ ನಾವು ಬಿಡಿಸಿದ್ದ ಕೆಲಸದವರು ಸಿಕ್ಕರು. ಹೊಸ ಕಡೆ ಕೆಲಸಕ್ಕೆ ಹೋಗುತ್ತಿದ್ದರು, ಎರಡು ಬಸ್ ಬದಲಿಸಿ. "ನಿಮ್ಮನೆ ಬಿಟ್ಟ ತಿಂಗಳೇ ಇನ್ನೊಂದು ಮನೇನೂ ಹೋಯ್ತು ಅಕ್ಕ. ಅವ್ರೂ ಲೋನು ಜಾಸ್ತಿ ಆಗದೆ ಅಂದ್ರು" ಅಂದರು. ನಗುತ್ತಲೇ ಹೇಳಿದರು. ಆಮೇಲೆ ಮಗಳ ಓದು ಹೇಗಿದೆ ಅಂತ ವಿಚಾರಿಸಿದರು.

ಇಳಿಯುವ ಸ್ಟಾಪ್ ಬರೋವರೆಗೂ ನಾನು ಕಿಟಕಿ ಕಡೆ ನೋಡುತ್ತಾ ಕೂತಿದ್ದೆ. ಅವರಿಗೆ ಸಾಲ ಇಲ್ಲ. ಯಾವ ಬ್ಯಾಂಕೂ ಅವರಿಗೆ 30 ಲಕ್ಷ ಕೊಡೋದಿಲ್ಲ. ಆದರೆ ಮುಂಬೈಯಲ್ಲಿ ರೆಪೋ ಏರಿದ್ದಕ್ಕೆ ಮೈಸೂರಿನಲ್ಲಿ ಮೊದಲು ಕೆಲಸ ಹೋಗಿದ್ದು ಅವರದ್ದು. ನಮ್ಮ ಬೀದಿಯಲ್ಲಿ ಕಂತು ಕಟ್ಟುವ ಇಬ್ಬರು ಲೆಕ್ಕ ಸರಿ ಮಾಡಿಕೊಂಡೆವು. ಇಬ್ಬರೂ ಒಂದೇ ಜಾಗದಲ್ಲಿ ಗೆರೆ ಎಳೆದಿದ್ದೆವು.

ನವೆಂಬರ್‌ನಿಂದ ಅವರು ಮತ್ತೆ ಬರುತ್ತಿದ್ದಾರೆ. ಸಂಬಳ ಈಗ 3,000. ಆ ದುಡ್ಡನ್ನು ಬೇರೆ ಕಡೆ ಹುಡುಕಿದೆವು. ಹುಡುಕಿದರೆ ಇತ್ತು. ಭಾನುವಾರ ಮೊಬೈಲಿನಲ್ಲಿ ತರಿಸುತ್ತಿದ್ದ ಬಿರಿಯಾನಿ, ತಿಂಗಳಿಗೆ 1,200. ನಮ್ಮ ಮನೆಯವರು ಪಕ್ಕದ ರಸ್ತೆಯವರ ಜೊತೆ ಒಂದೇ ಬೈಕಿನಲ್ಲಿ ಡ್ಯೂಟಿಗೆ ಹೋಗತೊಡಗಿದರು. ಅತ್ತೆಯ ಬಿಪಿ, ಶುಗರ್ ಮಾತ್ರೆಗಳನ್ನು ಡಾಕ್ಟರನ್ನು ಕೇಳಿಕೊಂಡೇ ಜನೌಷಧಿ ಕೇಂದ್ರದಿಂದ ತರತೊಡಗಿದೆವು. 950 ಆಗುತ್ತಿದ್ದದ್ದು 250ಕ್ಕೆ ಬಂತು. ಇದು ಮೊದಲೇ ಯಾಕೆ ಹೊಳೆಯಲಿಲ್ಲ? ಕೆಲಸದವರನ್ನು ಬಿಡಿಸೋದು ಒಂದು ಮಾತಿನ ಕೆಲಸ. ಬಿರಿಯಾನಿ ಬಿಡೋಕೆ ಮನಸ್ಸು ಗಟ್ಟಿ ಬೇಕು, ಅಷ್ಟೇ.

ಕರೆಂಟಿನದು ಒಂದು ತಮಾಷೆ ಇದೆ. ಅತ್ತೆ ಸುಮ್ನೆ ಒಂದು ಲೈಟ್ ಉರಿಯೋಕೆ ಬಿಡುವವರಲ್ಲ. ಗ್ಯಾಸ್ ಸಿಲಿಂಡರ್ ಹಾಕಿದ ತಾರೀಕನ್ನು ಕ್ಯಾಲೆಂಡರ್ ಮೇಲೆ ಬರೆದು, ಎಷ್ಟು ದಿನ ಬಂತು ಅಂತ ಎಣಿಸುವವರು. ಬೇಳೆ ನೆನೆಹಾಕದೆ ಕುಕ್ಕರ್ ಇಟ್ಟರೆ ಬೈಸಿಕೊಳ್ಳಬೇಕು. ಅವರ ದೆಸೆಯಿಂದ ನಮ್ಮ ಮನೆಯಲ್ಲಿ ತಿಂಗಳಿಗೆ ಸರಾಸರಿ 62 ಯೂನಿಟ್. ಆಮೇಲೆ ಗೃಹಜ್ಯೋತಿ ಬಂತು. 2022-23ರ ಸರಾಸರಿಗೆ ಶೇಕಡಾ 10 ಸೇರಿಸಿ, ಅಷ್ಟು ಉಚಿತ. ನಮಗೆ 68 ಯೂನಿಟ್. ಎದುರುಮನೆಯವರು ಎಸಿ ಹಾಕಿಕೊಂಡು 170 ಉರಿಸುತ್ತಿದ್ದರು, ಅವರಿಗೆ 187. ಅತ್ತೆಗೆ ಇದನ್ನು ವಿವರಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಆ ವರ್ಷ ಎಲ್ಲಾ ಲೈಟು ಹಾಕ್ಕೊಂಡೇ ಮಲಗಬೇಕಿತ್ತಾ?" ಅಂದರು. ಈಗಲೂ ಅವರ ಕೈ ಸ್ವಿಚ್ ಮೇಲೇ ಇರುತ್ತದೆ.

ಇನ್ನು ಉಳಿಸಿದ ದುಡ್ಡಿನ ವಿಷಯ. ಮೊದಲ ಆರು ತಿಂಗಳು ಕಂತಿಗೆ ಬೇಕಾದದ್ದಕ್ಕಿಂತ ಮೇಲೆ ಉಳಿದದ್ದೆಲ್ಲ ಖಾತೆಯಲ್ಲೇ ಇರುತ್ತಿತ್ತು. ಯಾವುದೋ ಮದುವೆ, ಯಾವುದೋ ಮಿಕ್ಸಿ, ಕರಗಿ ಹೋಗುತ್ತಿತ್ತು. ಈಗ ಸಂಬಳ ಬಂದ ದಿನವೇ ಎರಡೋ ಮೂರೋ ಸಾವಿರವನ್ನು ಸಾಲದ ಖಾತೆಗೆ ಹಾಕಿಬಿಡುತ್ತೇನೆ. ಫ್ಲೋಟಿಂಗ್, ಅಂದರೆ ನಮ್ಮದರ ಹಾಗೆ ಏರಿಳಿಯುವ ಬಡ್ಡಿಯ ಮನೆ ಸಾಲವನ್ನು ಮುಂಚೆ ಕಟ್ಟಿದರೆ ಬ್ಯಾಂಕು ದಂಡ ಹಾಕುವ ಹಾಗಿಲ್ಲ. 2012ರಿಂದಲೇ ಈ ನಿಯಮ ಇದೆ. ಆದರೆ ಕಟ್ಟಿದ ಮೇಲೆ ಸ್ಟೇಟ್‌ಮೆಂಟ್ ನೋಡಿ. ನಾನು ಮೊದಲ ಸಲ ಹಾಕಿದ್ದು ಮುಂದಿನ ಕಂತಿನ ಮುಂಗಡ ಅಂತ ಸುಮ್ಮನೆ ಕೂತಿತ್ತು. ಬ್ರಾಂಚಿಗೆ ಹೋಗಿ ಅಸಲಿಗೆ ಹಾಕಿಸಬೇಕಾಯಿತು. ಇನ್ನೊಂದು, ಕಂತು ಕಡಿಮೆ ಮಾಡಬೇಕಾ ಅವಧಿ ಕಡಿಮೆ ಮಾಡಬೇಕಾ ಅಂತ ಕೇಳಿದರೆ, ಕೈಲಾದರೆ ಅವಧಿ ಅನ್ನಿ. 9.3 ಬಡ್ಡಿಯಲ್ಲಿ 19 ವರ್ಷ ಬಾಕಿ ಇದ್ದಾಗ ಲೆಕ್ಕ ಹಾಕಿದ್ದೆ. ಆಗ 10,000 ಹೆಚ್ಚಿಗೆ ಕಟ್ಟಿದರೆ, ಬಡ್ಡಿ ಅಷ್ಟೇ ಇದ್ದಲ್ಲಿ, ಕೊನೆಯ ಎರಡು ಕಂತು ಇಲ್ಲವಾಗುತ್ತದೆ. ಅಂದರೆ 55,400 ರೂಪಾಯಿ. ಅದೇ 10,000ವನ್ನು ಕೊನೆಯ ವರ್ಷ ಕಟ್ಟಿದರೆ ಅರ್ಧ ಕಂತೂ ಹೋಗಲ್ಲ. ಹೊಸದಾಗಿ ಸಾಲ ಮಾಡಿದವರು ಇದನ್ನು ಒಮ್ಮೆ ಲೆಕ್ಕ ಹಾಕಿ ನೋಡಿ.

ಬೆಂಗಳೂರಿನಲ್ಲಿರುವ ನನ್ನ ತಮ್ಮ ಇದನ್ನೆಲ್ಲ ಒಪ್ಪೋದಿಲ್ಲ. "ಅಕ್ಕಾ, ಆ ದುಡ್ಡನ್ನ ಎಸ್‌ಐಪಿಗೆ ಹಾಕು, ಲೋನ್ ಅದರ ಪಾಡಿಗೆ ಇರಲಿ, ಟ್ಯಾಕ್ಸೂ ಉಳಿಯುತ್ತೆ" ಅನ್ನುತ್ತಾನೆ. ಎಸ್‌ಐಪಿ ಅಂದರೆ ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ದುಡ್ಡು ಹಾಕೋದು. ಟ್ಯಾಕ್ಸ್ ಮಾತು ನಮಗೆ ಹೊಂದೋದಿಲ್ಲ. ಬಡ್ಡಿಗೆ ಸಿಗುವ 2 ಲಕ್ಷದ ವಿನಾಯಿತಿ ಆದಾಯ ತೆರಿಗೆಯ ಹಳೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ನಾವೇ ವಾಸವಿರುವ ಮನೆಗೆ ಅದು ಇಲ್ಲ. ನಮ್ಮ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ಈಗ ತೆರಿಗೆಯೇ ಬರೋದಿಲ್ಲ. ಎಸ್‌ಐಪಿ ಮಾತು ಸರಿ ಇರಬಹುದು, ಅವನ ಸಂಬಳಕ್ಕೆ, ಅವನ ಧೈರ್ಯಕ್ಕೆ. ಮಾರ್ಕೆಟ್ ಬಿದ್ದ ದಿನ ನನಗೆ ನಿದ್ದೆ ಬರೋದಿಲ್ಲ. ಹಾಗಂತ ಇದ್ದದ್ದೆಲ್ಲ ಸಾಲಕ್ಕೇ ಸುರಿದಿಲ್ಲ. ಮೂರು ಕಂತಿನಷ್ಟು ಎಫ್‌ಡಿಯಲ್ಲಿದೆ. ಟರ್ಮ್ ಇನ್ಶೂರೆನ್ಸ್ ಇದೆ. ಮಗಳ ಸ್ಕೂಲಿನ ಟ್ರಿಪ್ಪು, ಹಾಲು, ಹಬ್ಬಕ್ಕೆ ಹೂವು, ಇವನ್ನು ಮುಟ್ಟಿಲ್ಲ.

2025ರಲ್ಲಿ ರೆಪೋ ಇಳಿಯತೊಡಗಿತು. ಫೆಬ್ರವರಿಯಿಂದ ಡಿಸೆಂಬರ್ ಒಳಗೆ 6.5ರಿಂದ 5.25ಕ್ಕೆ. ನಾವು ಕಂತು ಇಳಿಸಿಕೊಳ್ಳಲಿಲ್ಲ, 27,700 ಹಾಗೇ ಕಟ್ಟುತ್ತಿದ್ದೇವೆ. ಹೆಚ್ಚಿಗೆ ಕಟ್ಟಿದ್ದು ಬೋನಸ್ ಎಲ್ಲ ಸೇರಿ ಇಲ್ಲಿಯವರೆಗೆ 2 ಲಕ್ಷದ ಹತ್ತಿರ. ಇಷ್ಟೆಲ್ಲ ಮಾಡಿಯೂ ಅಸಲು ಇನ್ನೂ 25 ಲಕ್ಷದ ಮೇಲಿದೆ. "ಐದೇ ವರ್ಷದಲ್ಲಿ ಸಾಲ ತೀರಿಸಿದೆ" ಅಂತ ವಿಡಿಯೋ ಮಾಡುವವರನ್ನು ನೋಡಿ ಬೇಜಾರು ಮಾಡಿಕೊಳ್ಳಬೇಡಿ. ಅವರ ಸಂಬಳ ಎಷ್ಟು, ಅಪ್ಪನ ಜಮೀನು ಎಲ್ಲಿ ಮಾರಿದರು, ಮನೆಯಲ್ಲಿ ಪಾತ್ರೆ ಯಾರು ತೊಳೆಯುತ್ತಾರೆ, ಇವಿಷ್ಟು ಗೊತ್ತಾದ ಮೇಲೆ ಬೇಕಾದರೆ ಬೇಜಾರು ಮಾಡಿಕೊಳ್ಳೋಣ.

ಕಾಂಪೌಂಡಿಗೆ ಬರುತ್ತೇನೆ. ಪೇಂಟರ್ ಬಂದು ನೋಡಿ 28,000 ಅಂದಿದ್ದಾನೆ, ಬಣ್ಣ ಸೇರಿ. ನಮ್ಮ ಮನೆಯವರು ಈ ಸಲದ ಬೋನಸ್‌ನಲ್ಲಿ ಹೊಡೆಸಿಬಿಡೋಣ ಅನ್ನುತ್ತಿದ್ದಾರೆ. 28,000 ಅಂದರೆ ಕೊನೆಯಲ್ಲಿ ಎಷ್ಟು ಕಂತು ಅಂತ ನಾನು ಆಗಲೇ ಲೆಕ್ಕ ಹಾಕಿ ಇಟ್ಟಿದ್ದೇನೆ, ಅವರಿಗೆ ಹೇಳಿಲ್ಲ. ಅತ್ತೆ ಮಾತ್ರ ಸುಣ್ಣ ಬಳಿಸಿ ಸಾಕು ಅಂತಾರೆ. ಹೊರಗಿನ ಸಿಮೆಂಟ್ ಗೋಡೆಗೆ ಬರೀ ವೈಟ್ ಸಿಮೆಂಟ್ ಹೊಡೆಸಿದರೆ ಎರಡು ಮಳೆಗಾಲ ತಡೆಯುತ್ತಾ? ಇಲ್ಲ ಪ್ರೈಮರ್ ಬೇಕೇ ಬೇಕಾ? ಮಾಡಿಸಿದವರು ಯಾರಾದರೂ ಇದ್ದರೆ ಹೇಳಿ.